ಟೂರ್ ಗುಂಪಿಲ್ಲದೆ ಚೆಂಗ್ಡು: ಭಾಷೆ ಬರದಿದ್ದರೂ ಪರವಾಗಿಲ್ಲ, ಫೋನ್ ಸಿದ್ಧವಿರಲಿ

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ನಿವೃತ್ತರು. ಶಿವಮೊಗ್ಗದವರು, ಅಪ್ಪಟ ಸಸ್ಯಾಹಾರಿಗಳು. ವಿಯೆಟ್ನಾಂ, ಥಾಯ್ಲೆಂಡ್ ಎರಡನ್ನೂ ನಾವೇ ಸುತ್ತಿ ಬಂದಿದ್ದೇವೆ. ಈಗ ಚೀನಾದ ಚೆಂಗ್ಡುಗೆ ಒಂದು ವಾರ ಹೋಗುವ ಆಸೆ. ಟೂರ್ ಗುಂಪು ಬೇಡ. ಆದರೆ ಅಲ್ಲಿ ಗೂಗಲ್, ವಾಟ್ಸ್‌ಆ್ಯಪ್ ನಡೆಯಲ್ಲ, ನಗದು ತಗೊಳ್ಳಲ್ಲ, ನಮ್ಮಂಥವರಿಗೆ ಊಟ ಸಿಗಲ್ಲ ಅಂತ ಮಕ್ಕಳು ಹೆದರಿಸುತ್ತಿದ್ದಾರೆ. ಚೀನಾಕ್ಕೆ ಈಗ ವೀಸಾ ಬೇಕಿಲ್ಲ ಎಂದು ಒಂದು ವಿಡಿಯೊದಲ್ಲಿ ನೋಡಿದೆ, ನಿಜವೇ? ಚೆಂಗ್ಡುವಿನಿಂದ ಹಾಗೇ ಟಿಬೆಟ್‌ನ ಲಾಸಾಗೂ ಹೋಗಿ ಬರಬಹುದೇ?

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ಮಕ್ಕಳು ಹೇಳಿದ್ದರಲ್ಲಿ ಅರ್ಧ ನಿಜ. ಆ ಅರ್ಧಕ್ಕೆ ಬೇಕಾದ ಪರಿಹಾರವೆಲ್ಲ ಶಿವಮೊಗ್ಗದಲ್ಲಿ ಕೂತೇ ಮಾಡಿಕೊಳ್ಳುವಂಥದ್ದು. ವಿಯೆಟ್ನಾಂ, ಥಾಯ್ಲೆಂಡ್‌ನಲ್ಲಿ ‘ಇಳಿದ ಮೇಲೆ ನೋಡಿಕೊಂಡರಾಯ್ತು’ ಎಂದು ಹೊರಟರೆ ನಡೆಯುತ್ತದೆ. ಚೀನಾದಲ್ಲಿ ಆ ಧೋರಣೆ ಕೈಕೊಡುತ್ತದೆ. ಫೋನ್ ಸಿದ್ಧವಿಲ್ಲದೆ ಇಳಿದವರಿಗೆ ಒಂದು ಬಾಟಲಿ ನೀರು ಕೊಳ್ಳುವುದೂ ರಗಳೆ. ಸಿದ್ಧ ಮಾಡಿಕೊಂಡು ಹೋದವರಿಗೆ, ಭಾಷೆ ಒಂದಕ್ಷರ ಬರದಿದ್ದರೂ, ಚೆಂಗ್ಡುವಿನಲ್ಲಿ ಓಡಾಡುವುದು ಬೆಂಗಳೂರಿನಲ್ಲಿ ಓಡಾಡುವುದಕ್ಕಿಂತ ಸುಲಭ. ಅಂದ ಹಾಗೆ ಈ ಎರಡು ಊರುಗಳ ನಡುವೆ 2013ರಲ್ಲಿ ಸೋದರಿ ನಗರ ಒಪ್ಪಂದ ಆಗಿದೆ. ಅದರಿಂದ ನಿಮಗೆ ಟಿಕೆಟ್‌ನಲ್ಲಿ ರಿಯಾಯಿತಿಯೇನೂ ಸಿಗಲ್ಲ ಬಿಡಿ.

ಮೊದಲು ವೀಸಾ. ವಿಡಿಯೊದಲ್ಲಿ ನೀವು ನೋಡಿದ್ದು 240 ಗಂಟೆಗಳ ಟ್ರಾನ್ಸಿಟ್ ರಿಯಾಯಿತಿ ಇರಬೇಕು, ಅಂದರೆ ಚೀನಾ ಮೂಲಕ ಬೇರೆ ದೇಶಕ್ಕೆ ಹೋಗುವವರು ವೀಸಾ ಇಲ್ಲದೆ ಇಳಿದುಕೊಳ್ಳುವ ಅವಕಾಶ. 2024ರ ಡಿಸೆಂಬರ್‌ನಲ್ಲಿ ಅದನ್ನು 10 ದಿನಕ್ಕೆ ಹಿಗ್ಗಿಸಿದರು. ಅದು ಕೆಲವು ದೇಶಗಳ ಪಾಸ್‌ಪೋರ್ಟ್‌ಗೆ ಮಾತ್ರ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟೇ. ಹಾಗಾಗಿ ನಿಮಗೆ ಪ್ರವಾಸಿ ವೀಸಾ ಬೇಕೇ ಬೇಕು. ಬೆಂಗಳೂರಿನಲ್ಲಿ ಚೀನಾದ ಕಾನ್ಸುಲೇಟ್ ಇಲ್ಲ. ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು, ಪಾಸ್‌ಪೋರ್ಟನ್ನು ವೀಸಾ ಕೇಂದ್ರಕ್ಕೆ ತಲುಪಿಸಬೇಕು. ಈ ಓಡಾಟಕ್ಕೆ ಒಬ್ಬ ಒಳ್ಳೆಯ ಏಜೆಂಟ್ ಇದ್ದರೆ ಅನುಕೂಲ. ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ತೋರಿಸಿ. ದಿನಕ್ಕೊಂದು ಸಾಲಿನ ಪ್ರವಾಸ ವಿವರ ಬರೆಯಿರಿ, ಅದರಲ್ಲಿ ಟಿಬೆಟ್ ಹೆಸರು ಎತ್ತಬೇಡಿ. ವೀಸಾ ಕೈಗೆ ಬಂದ ಮೇಲೆ ಅದರಲ್ಲಿ ಎರಡು ಸಂಗತಿ ಬೇರೆಬೇರೆಯಾಗಿ ನೋಡಿ: ಯಾವ ದಿನಾಂಕದೊಳಗೆ ದೇಶ ಪ್ರವೇಶಿಸಬೇಕು, ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು. ಇವೆರಡನ್ನೂ ಒಂದೇ ಎಂದುಕೊಂಡು ಪೇಚಿಗೆ ಸಿಕ್ಕವರಿದ್ದಾರೆ.

ವಿಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಿಂದ ಒಂದೊಂದಾಗಿ ಮತ್ತೆ ಶುರುವಾಗಿವೆ. ಬೆಂಗಳೂರಿನಿಂದ ಹೊರಡುವವರಿಗೆ ಸಿಂಗಪುರ, ಹಾಂಗ್‌ಕಾಂಗ್, ಬ್ಯಾಂಕಾಕ್ ಅಥವಾ ಕ್ವಾಲಾಲಂಪುರದ ದಾರಿ ಸಲೀಸು. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ. ನಾಲ್ಕು ಕಾಸು ಉಳಿಸಲು ಬೇರೆಬೇರೆ ಟಿಕೆಟ್ ಮಾಡಿದರೆ ಮಧ್ಯದ ದೇಶದಲ್ಲಿ ಲಗೇಜ್ ತಗೊಂಡು ಹೊರಗೆ ಬರಬೇಕಾಗುತ್ತದೆ. ಅಲ್ಲಿನ ನಿಯಮ ಇನ್ನೊಂದು ತಾಪತ್ರಯ.

ಈಗ ಫೋನ್‌ಗೆ ಬರೋಣ. ಇದಕ್ಕೆ ಹೊರಡುವ ಮುಂಚೆ ಎರಡು ವಾರ ಇಟ್ಟುಕೊಳ್ಳಿ.

ದುಡ್ಡು ಕೊಡುವುದು ಅಲಿಪೇ ಅಥವಾ ವೀಚ್ಯಾಟ್ ಆ್ಯಪ್‌ನಲ್ಲಿ. ನಮ್ಮ ಯುಪಿಐ ಅಲ್ಲಿ ನಡೆಯಲ್ಲ. ಆದರೆ 2023ರಿಂದ ಈ ಎರಡೂ ಆ್ಯಪ್‌ಗಳಿಗೆ ವಿದೇಶಿ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ಜೋಡಿಸಬಹುದು. ಅಲಿಪೇ ಇಂಗ್ಲಿಷ್‌ನಲ್ಲೇ ತೆರೆಯುತ್ತದೆ. ನಿಮ್ಮ ಭಾರತದ ಮೊಬೈಲ್ ನಂಬರ್ ಕೊಡಿ, ಪಾಸ್‌ಪೋರ್ಟ್ ಫೋಟೊ ಹಾಕಿ, ಕಾರ್ಡ್ ಸೇರಿಸಿ. ಬ್ಯಾಂಕಿನ ಆ್ಯಪ್‌ಗೆ ಹೋಗಿ ಆ ಕಾರ್ಡ್‌ನ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ, ಮಿತಿಯನ್ನೂ ನೋಡಿ. ಜಾಸ್ತಿ ಜನ ಮರೆಯುವುದು ಇದನ್ನೇ. ಬೇರೆಬೇರೆ ಬ್ಯಾಂಕಿನ ಎರಡು ಕಾರ್ಡ್ ಸೇರಿಸಿ. ಒಂದನ್ನು ಬ್ಯಾಂಕ್ ಅನುಮಾನದಿಂದ ತಡೆದರೆ ಇನ್ನೊಂದು ಇರುತ್ತದೆ. ಹೆಂಡತಿಯ ಫೋನ್‌ನಲ್ಲೂ ಅಲಿಪೇ ಹಾಕಿ, ಅವರ ಹೆಸರಿನ ಕಾರ್ಡ್ ಜೋಡಿಸಿ. ಒಂದೇ ಫೋನ್ ನಂಬಿ ಇಬ್ಬರು ಹೋಗುವುದು ಬೇಡ.

ಅಂಗಡಿಯಲ್ಲಿ ಹೀಗೆ ನಡೆಯುತ್ತದೆ. ನೂಡಲ್ಸ್ ಅಂಗಡಿಯ ಗೋಡೆಯ ಮೇಲೆ ಕ್ಯೂಆರ್ ಅಂಟಿಸಿದ್ದರೆ ನೀವು ಸ್ಕ್ಯಾನ್ ಮಾಡಿ ಮೊತ್ತ ಒತ್ತಿ. ಕೌಂಟರ್‌ನಲ್ಲಿ ಮೆಷಿನ್ ಇದ್ದರೆ ನಿಮ್ಮ ಫೋನ್‌ನಲ್ಲಿರುವ ಕೋಡ್ ತೋರಿಸಿ, ಅವರೇ ಸ್ಕ್ಯಾನ್ ಮಾಡುತ್ತಾರೆ. ಎಷ್ಟಾಯ್ತು ಎಂದು ಕ್ಯಾಲ್ಕ್ಯುಲೇಟರ್‌ನಲ್ಲಿ ಒತ್ತಿ ನಿಮ್ಮ ಕಡೆ ತಿರುಗಿಸುತ್ತಾರೆ. ಒಂದು ಮಾತೂ ಬೇಕಾಗಲ್ಲ. 200 ಯುವಾನ್‌ವರೆಗಿನ ಪಾವತಿಗೆ ವಿದೇಶಿ ಕಾರ್ಡ್‌ನವರಿಂದ ಆ್ಯಪ್ ಶುಲ್ಕ ಹಿಡಿಯಲ್ಲ, ಅದಕ್ಕಿಂತ ಜಾಸ್ತಿಯಾದರೆ ಶೇ 3. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ. ಹಾಗಾಗಿ ಹೋಟೆಲ್ ಬಿಲ್‌ನಂಥ ದೊಡ್ಡ ಮೊತ್ತವನ್ನು ಇಲ್ಲಿಂದಲೇ ಕಟ್ಟಿ ಹೋಗುವುದು ವಾಸಿ. ನಗದು ತಗೊಳ್ಳಲ್ಲ ಎನ್ನುವುದು ಪೂರ್ತಿ ನಿಜವಲ್ಲ. ನಗದು ನಿರಾಕರಿಸುವಂತಿಲ್ಲ ಎಂದು ಅಲ್ಲಿನ ಕೇಂದ್ರ ಬ್ಯಾಂಕ್ ನಿಯಮವೇ ಮಾಡಿದೆ. ಆದರೆ ಅಂಗಡಿಯವರ ಹತ್ತಿರ ಚಿಲ್ಲರೆ ಇರಬೇಕಲ್ವಾ? 10, 20 ಯುವಾನ್‌ನ ಒಂದಿಷ್ಟು ನೋಟು ಜೇಬಿನಲ್ಲಿರಲಿ.

ಇಂಟರ್ನೆಟ್ ವಿಷಯ. ಚೀನಾದಲ್ಲಿ ಗೂಗಲ್, ವಾಟ್ಸ್‌ಆ್ಯಪ್, ಯೂಟ್ಯೂಬ್, ಫೇಸ್‌ಬುಕ್ ಎಲ್ಲಕ್ಕೂ ತಡೆ ಇದೆ. ಆದರೆ ಆ ತಡೆ ಇರುವುದು ಅಲ್ಲಿನ ಜಾಲದಲ್ಲಿ. ನಿಮ್ಮ ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿದರೆ ಡೇಟಾ ನಿಮ್ಮ ಕಂಪನಿಯ ಜಾಲದ ಮೂಲಕ ಸುತ್ತಿ ಬರುವುದರಿಂದ ವಾಟ್ಸ್‌ಆ್ಯಪ್ ಮಾಮೂಲಿನಂತೆ ನಡೆಯುತ್ತದೆ. ಹೋಟೆಲ್‌ನ ವೈಫೈಗೆ ಸೇರಿಕೊಂಡ ಕೂಡಲೇ ನಿಂತುಹೋಗುತ್ತದೆ. ‘ಬೆಳಿಗ್ಗೆ ಬರುತ್ತಿತ್ತು, ರೂಮಿಗೆ ಬಂದ ಮೇಲೆ ಬರ್ತಿಲ್ಲ’ ಎಂದು ಗಾಬರಿಯಾಗುವವರ ಕಥೆ ಇಷ್ಟೇ. ವೈಫೈ ಆಫ್ ಮಾಡಿ. ರೋಮಿಂಗ್ ಇದ್ದರೆ ಇನ್ನೊಂದು ಲಾಭ: ಬ್ಯಾಂಕಿನ ಒಟಿಪಿ ಬರುತ್ತದೆ. ಅಗ್ಗವೆಂದು ಬರೀ ಇ-ಸಿಮ್ ನಂಬಿ, ಊರಿನ ಸಿಮ್ ತೆಗೆದಿಟ್ಟು ಹೋಗಬೇಡಿ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯ ಆಫ್‌ಲೈನ್ ಪ್ಯಾಕ್ ಇಲ್ಲೇ ಇಳಿಸಿಕೊಳ್ಳಿ. ಕ್ಯಾಮೆರಾ ಹಿಡಿದರೆ ಮೆನು ಓದಿ ಹೇಳುತ್ತದೆ.

ಗೂಗಲ್ ನಕ್ಷೆ ತೆರೆದುಕೊಂಡರೂ ಅದನ್ನು ನಂಬಿ ನಡೆಯಬೇಡಿ. ಚೀನಾದ ನಕ್ಷೆಗಳು ಕಾನೂನಿನ ಪ್ರಕಾರ ಬೇರೆಯದೇ ಅಕ್ಷಾಂಶ–ರೇಖಾಂಶ ಪದ್ಧತಿ ಬಳಸುತ್ತವೆ. ಜಿಪಿಎಸ್ ತೋರಿಸುವ ಜಾಗಕ್ಕೂ ಅಲ್ಲಿನ ನಕ್ಷೆಯ ಜಾಗಕ್ಕೂ ನೂರಾರು ಮೀಟರ್ ವ್ಯತ್ಯಾಸ ಬರುತ್ತದೆ. ನೀವು ರಸ್ತೆಯಲ್ಲಿ ನಿಂತಿರುತ್ತೀರಿ, ನೀಲಿ ಚುಕ್ಕೆ ನದಿಯ ಮಧ್ಯೆ ಇರುತ್ತದೆ. ಐಫೋನ್ ಇದ್ದರೆ ಆ್ಯಪಲ್ ಮ್ಯಾಪ್ಸ್ ಸರಿಯಾಗಿ ತೋರಿಸುತ್ತದೆ. ಆ್ಯಂಡ್ರಾಯ್ಡ್ ಆದರೆ ಅಮ್ಯಾಪ್ ಎಂಬ ಅಲ್ಲಿನ ನಕ್ಷೆ ಆ್ಯಪ್ ಹಾಕಿಕೊಳ್ಳಿ, ಈಗ ಇಂಗ್ಲಿಷ್‌ನಲ್ಲೂ ಇದೆ. ಟ್ಯಾಕ್ಸಿಗೆ ಡಿಡಿ ಎಂಬ ಆ್ಯಪ್, ಅದು ಅಲಿಪೇ ಒಳಗೇ ಸಿಗುತ್ತದೆ. ಡ್ರೈವರ್ ಚೀನೀಯಲ್ಲಿ ಮೆಸೇಜ್ ಕಳಿಸಿದರೆ ಇಂಗ್ಲಿಷ್‌ಗೆ ಬದಲಾಗಿ ಬರುತ್ತದೆ. ಹೋಟೆಲ್ ಹೆಸರು, ವಿಳಾಸ ಚೀನೀ ಲಿಪಿಯಲ್ಲಿ ಬರೆದ ಒಂದು ಚೀಟಿ ಮಾತ್ರ ಪರ್ಸ್‌ನಲ್ಲಿರಲಿ. ಫೋನ್ ಬ್ಯಾಟರಿ ಮುಗಿದ ದಿನ ಅದೇ ಕಾಪಾಡುತ್ತದೆ.

ಇಷ್ಟಾದರೆ ತಯಾರಿ ಮುಗಿಯಿತು. ಚೀನಾಕ್ಕೆ ಇಳಿಯುವಾಗ ಕೊಡಬೇಕಾದ ಪ್ರವೇಶದ ಚೀಟಿಯನ್ನು (ಅರೈವಲ್ ಕಾರ್ಡ್) 2025ರ ನವೆಂಬರ್‌ನಿಂದ ಆನ್‌ಲೈನ್‌ನಲ್ಲೇ ತುಂಬಬಹುದು. ಮನೆಯಲ್ಲೇ ತುಂಬಿಕೊಂಡು ಹೋಗಿ.

ಚೆಂಗ್ಡುಗೆ ಎರಡು ಏರ್‌ಪೋರ್ಟ್. ಹಳೆಯದು ಶುವಾಂಗ್‌ಲ್ಯೂ, ಊರಿಗೆ ಹತ್ತಿರ. 2021ರಲ್ಲಿ ತೆರೆದ ತ್ಯಾನ್‌ಫು ಸುಮಾರು 50 ಕಿ.ಮೀ. ದೂರ. ವಿದೇಶದಿಂದ ಬರುವವರು ಇಳಿಯುವುದು ಹೆಚ್ಚಾಗಿ ಇಲ್ಲೇ. ಅಲ್ಲಿಂದ ಮೆಟ್ರೊ 18ನೇ ಮಾರ್ಗ ಊರಿನ ದಕ್ಷಿಣ ರೈಲು ನಿಲ್ದಾಣಕ್ಕೆ ತಂದು ಬಿಡುತ್ತದೆ. ಮೆಟ್ರೊ ಜಾಲ 600 ಕಿ.ಮೀ.ಗಿಂತ ದೊಡ್ಡದು, ದರ 2 ಯುವಾನ್‌ನಿಂದ ಶುರು. ಬೋರ್ಡ್, ಟಿಕೆಟ್ ಯಂತ್ರ, ಘೋಷಣೆ ಎಲ್ಲದರಲ್ಲೂ ಇಂಗ್ಲಿಷ್ ಇದೆ. ಪ್ರತಿ ನಿಲ್ದಾಣದಲ್ಲೂ ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ, ನೀರಿನ ಬಾಟಲಿ ಇದ್ದರೆ ತೋರಿಸಿ ಎನ್ನಬಹುದು.

ಹೋಟೆಲ್‌ನವರು ನಿಮ್ಮ ಪಾಸ್‌ಪೋರ್ಟ್ ತಗೊಂಡು ಪೊಲೀಸರಲ್ಲಿ ನೋಂದಾಯಿಸುತ್ತಾರೆ. ವಿದೇಶಿಯರು ಬಂದ 24 ಗಂಟೆಯೊಳಗೆ ಇದು ಆಗಬೇಕು. ಹೋಟೆಲ್‌ನಲ್ಲಿ ನೀವು ಮಾಡುವುದೇನೂ ಇಲ್ಲ. ಆದರೆ ಯಾರದೋ ಮನೆಯಲ್ಲಿ ಉಳಿದರೆ ನೀವೇ ಠಾಣೆಗೆ ಹೋಗಬೇಕು. ವಿದೇಶಿಯರಿಗೆ ರೂಮ್ ಇಲ್ಲ ಎಂದು ಹೋಟೆಲ್‌ಗಳು ಹೇಳಬಾರದು ಎಂದು 2024ರಲ್ಲಿ ಸರ್ಕಾರ ಸೂಚಿಸಿದೆ. ಹಾಗಿದ್ದೂ ಸಣ್ಣ ಲಾಡ್ಜ್‌ಗಳಲ್ಲಿ ಕೌಂಟರ್‌ನ ಹುಡುಗಿಗೆ ಪಾಸ್‌ಪೋರ್ಟ್ ದಾಖಲಿಸುವುದು ಗೊತ್ತಿರುವುದಿಲ್ಲ. ನಿಮ್ಮ ವಯಸ್ಸಿಗೆ ಆ ಪರದಾಟ ಯಾಕೆ? ಮಧ್ಯಮ ದರ್ಜೆಯ ಯಾವುದಾದರೂ ಸರಪಳಿ ಹೋಟೆಲ್ ಹಿಡಿಯಿರಿ, ಮೆಟ್ರೊಗೆ ಹತ್ತಿರವಿರಲಿ. ವೆನ್‌ಶು ಮಠದ ಸುತ್ತಮುತ್ತ ಸಿಕ್ಕರೆ ನಿಮಗೆ ಬಹಳ ಒಳ್ಳೆಯದು. ಯಾಕೆಂದು ಈಗ ಹೇಳುತ್ತೇನೆ.

ಊಟ ಸಿಗಲ್ಲ ಎನ್ನುವ ಮಾತನ್ನು ನಾನು ಒಪ್ಪಲ್ಲ. ಹುಷಾರಾಗಿರಬೇಕು ಅಷ್ಟೇ. ವೆನ್‌ಶು ಬೌದ್ಧ ಮಠದಲ್ಲಿ ಸಸ್ಯಾಹಾರದ ಊಟದ ಮನೆ ಇದೆ. ಚೀನೀ ಬೌದ್ಧರ ಸಸ್ಯಾಹಾರ ನಮ್ಮ ಮಡಿ ಅಡುಗೆಗೆ ತೀರಾ ಹತ್ತಿರ. ಸಂಪ್ರದಾಯದ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ತೋಫು (ಸೋಯಾ ಪನೀರ್), ಅಣಬೆ, ಕಮಲದ ದಂಟು, ಬಿದಿರು ಕಳಲೆ. ಮೆನುವಿನಲ್ಲಿ ಕೋಳಿ, ಮೀನು, ಹಂದಿ ಎಂದು ಬರೆದಿದ್ದರೆ ಬೆಚ್ಚಬೇಡಿ. ಗೋಧಿಯ ಅಂಟಿನಿಂದಲೋ ಸೋಯಾದಿಂದಲೋ ಮಾಡಿ ಮಾಂಸದ ಆಕಾರ ಕೊಟ್ಟಿರುತ್ತಾರೆ. ನೋಡಿದರೆ ತಿನ್ನಲು ಮನಸ್ಸಾಗಲ್ಲ ಎಂದರೆ ಅದನ್ನು ಬಿಟ್ಟು ತರಕಾರಿ ತಗೊಳ್ಳಿ.

ಹುಷಾರಿರಬೇಕಾದ್ದು ಮಾಮೂಲಿ ಹೋಟೆಲ್‌ನಲ್ಲಿ. ಅಲ್ಲಿ ‘ಮಾಂಸ ಬೇಡ’ ಎಂದರೆ ಮಾಂಸದ ತುಂಡು ಹಾಕುವುದಿಲ್ಲ, ಆದರೆ ಮೂಳೆಯ ಸಾರು, ಹಂದಿ ಕೊಬ್ಬು ಬಂದುಬಿಡುತ್ತದೆ. ಹುರುಳಿಕಾಯಿ ಪಲ್ಯದ ಮೇಲೆ ಕೊಚ್ಚಿದ ಹಂದಿಮಾಂಸ ಉದುರಿಸುತ್ತಾರೆ. ಊರಿನ ಹೆಮ್ಮೆಯ ಮಾಪೋ ತೋಫುವಿನಲ್ಲೂ ಕೊಚ್ಚಿದ ಮಾಂಸ ಇದೆ. ‘ಮೀನಿನ ಘಮದ ಬದನೆಕಾಯಿ’ ಎಂಬ ತಿನಿಸಿನಲ್ಲಿ ಮೀನು ಇರುವುದಿಲ್ಲ, ಹಂದಿ ಇರಬಹುದು! ಎಲ್ಲಕ್ಕಿಂತ ಮುಖ್ಯವಾದದ್ದು ಹಾಟ್‌ಪಾಟ್, ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ತರಕಾರಿ, ಮಾಂಸ ಅದ್ದಿ ಬೇಯಿಸಿಕೊಂಡು ತಿನ್ನುವ ಊಟ. ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದ ಕೆಂಪು ಹಾಟ್‌ಪಾಟ್ ಸಾರಿಗೆ ಮೂಲವೇ ದನದ ಕೊಬ್ಬು. ನೀವು ಬರೀ ತರಕಾರಿ ಅದ್ದಿ ತಿಂದರೂ ಅದರಲ್ಲೇ ಬೆಂದಿರುತ್ತದೆ. ಸಸ್ಯದ ಎಣ್ಣೆಯ ಸಾರು ಬೇಕಾದರೆ ‘ಛಿಂಗ್‌ಯೋ’ ಎಂದು ಕೇಳಬೇಕು, ಇಲ್ಲವೇ ಅಣಬೆ ಸಾರು. ಖಾತ್ರಿಯಾಗದಿದ್ದರೆ ಹಾಟ್‌ಪಾಟ್ ಬಿಟ್ಟುಬಿಡಿ, ಏನೂ ನಷ್ಟವಿಲ್ಲ.

ಇದಕ್ಕೆ ಒಂದು ಕಾರ್ಡ್ ಮಾಡಿಸಿಕೊಳ್ಳಿ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಪ್ರಾಣಿ ಕೊಬ್ಬು, ಆಯ್‌ಸ್ಟರ್ ಸಾಸ್ (ಸಿಂಪಿಯಿಂದ ಮಾಡಿದ್ದು) ತಿನ್ನುವುದಿಲ್ಲ, ಮೆಣಸು, ಸಸ್ಯದ ಎಣ್ಣೆ, ತೋಫು ಆಗುತ್ತದೆ ಎಂದು ಚೀನೀಯಲ್ಲಿ ದೊಡ್ಡ ಅಕ್ಷರದಲ್ಲಿ. ಫೋನ್‌ನಲ್ಲೂ ಇರಲಿ, ಕಾಗದದ ಮೇಲೂ ಇರಲಿ. ‘ವೊ ಚ್ರ್ ಸು’, ನಾನು ಸಸ್ಯಾಹಾರಿ ಎಂದು ಬಾಯಲ್ಲಿ ಹೇಳಬಹುದು. ಆದರೆ ಸ್ವರ ತಪ್ಪಿದರೆ ಅವರು ಸುಮ್ನೆ ನಗುತ್ತಾ ನಿಲ್ಲುತ್ತಾರೆ. ಕಾರ್ಡ್ ತೋರಿಸಿದರೆ ಅಡುಗೆಯವರೇ ಹೊರಗೆ ಬಂದು ಓದಿ, ಮೆನುವಿನಲ್ಲಿ ಬೆರಳಿಟ್ಟು ಇದಾಗುತ್ತೆ, ಇದಾಗಲ್ಲ ಎಂದು ತೋರಿಸುತ್ತಾರೆ. ಜಜ್ಜಿದ ಸೌತೆಕಾಯಿ, ಹುಳಿ–ಖಾರದ ಆಲೂಗಡ್ಡೆ ಎಳೆ, ಸೊಪ್ಪಿನ ಹುರಿದ ಪಲ್ಯ, ಅನ್ನ. ಇದು ಎಲ್ಲೆಡೆ ಸಿಗುತ್ತದೆ. ಅನ್ನವನ್ನು ಮೊದಲೇ ತಾ ಎಂದು ಹೇಳಿ, ಇಲ್ಲದಿದ್ದರೆ ಪಲ್ಯವೆಲ್ಲ ಮುಗಿದ ಮೇಲೆ ಬರಬಹುದು.

ಖಾರ ನಿಮಗೆ ಸಮಸ್ಯೆಯಾಗಲಿಕ್ಕಿಲ್ಲ. ನಾಲಿಗೆ ಜುಮ್ಮೆನ್ನುವುದು ಹೊಸದು. ಅದು ಹುವಾಜ್ಯಾವ್ ಕಾಳಿನ ಕೆಲಸ. ನಮ್ಮ ಕರಾವಳಿಯ ಜುಮ್ಮನಕಾಯಿ, ಕೊಂಕಣಿಗರು ತೆಪ್ಪಲ ಎನ್ನುತ್ತಾರಲ್ಲ, ಅದೇ ಕುಲದ ಗಿಡ. ಒಂದೊಂದು ಕಾಳನ್ನೂ ತಟ್ಟೆಯ ಅಂಚಿಗೆ ಸರಿಸಿ ತಿನ್ನಿ, ಕಚ್ಚಬೇಡಿ. ಜೊತೆಗೆ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಕುದಿಯುವ ನೀರು ಹೋಟೆಲ್ ರೂಮು, ರೈಲು, ನಿಲ್ದಾಣ ಎಲ್ಲ ಕಡೆ ಪುಕ್ಕಟೆ.

ಏನು ನೋಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾರದಲ್ಲಿ ಚೊಂಗ್‌ಚಿಂಗ್, ಶಿಯಾನ್, ಬೀಜಿಂಗ್ ಎಲ್ಲ ತುರುಕಬೇಡಿ. ಒಂದೇ ಹೋಟೆಲ್‌ನಲ್ಲಿದ್ದು ಅಕ್ಕಪಕ್ಕ ಹೋಗಿ ಬನ್ನಿ.

ಪಾಂಡಾ ಕೇಂದ್ರಕ್ಕೆ ಬೆಳಿಗ್ಗೆ ಗೇಟ್ ತೆರೆಯುವ ಹೊತ್ತಿಗೇ ಇರಿ. 1987ರಲ್ಲಿ ಕಾಡಿನಿಂದ ರಕ್ಷಿಸಿ ತಂದ 6 ಪಾಂಡಾಗಳಿಂದ ಶುರುವಾದ ಸಂಸ್ಥೆ ಅದು. ಪಾಂಡಾ ಬೆಳಿಗ್ಗೆ ಬಿದಿರು ತಿಂದು ಆಮೇಲೆ ಮಲಗಿಬಿಡುತ್ತದೆ. ಬಿಸಿಲೇರಿದರೆ ಎಸಿ ಕೋಣೆಗೆ ಒಯ್ಯುತ್ತಾರೆ. ಟಿಕೆಟ್ 55 ಯುವಾನ್, ಪಾಸ್‌ಪೋರ್ಟ್ ನಂಬರ್ ಕೊಟ್ಟು ಮುಂಚೆಯೇ ಬುಕ್ ಮಾಡಬೇಕು. ಹುವಾ ಹುವಾ ಎಂಬ ತಾರಾ ಪಾಂಡಾ ನೋಡಲು ಗಂಟೆಗಟ್ಟಲೆ ಸರತಿ ಇರುತ್ತದೆ. ನನ್ನ ಮಾತು ಕೇಳಿದರೆ ಅದನ್ನು ಬಿಡಿ. ಮಿಕ್ಕ ಪಾಂಡಾಗಳೂ ಬಿದಿರನ್ನೇ ತಿನ್ನುವುದು.

ಒಂದು ಮಧ್ಯಾಹ್ನ ಪೂರ್ತಿ ಪೀಪಲ್ಸ್ ಪಾರ್ಕ್‌ಗೆ ಇಡಿ. ಅಲ್ಲಿನ ಹೆಮಿಂಗ್ ಚಹಾ ಅಂಗಡಿ 1923ರಿಂದ ಇದೆ. ಮರದ ನೆರಳಲ್ಲಿ ಬಿದಿರಿನ ಕುರ್ಚಿಗಳು. ಮುಚ್ಚಳದ ಬಟ್ಟಲಲ್ಲಿ ಎಲೆ ಹಾಕಿ ಕೊಡುತ್ತಾರೆ, ಜೊತೆಗೆ ಬಿಸಿನೀರು. ಒಂದು ಬಟ್ಟಲಿಗೆ ದುಡ್ಡು ಕೊಟ್ಟರೆ ಎಲೆ ಸಪ್ಪೆಯಾಗುವವರೆಗೂ ನೀರು ತುಂಬಿಸಿಕೊಂಡು ಕೂರಬಹುದು. ಎದ್ದು ಹೋಗಿ ಎನ್ನುವವರಿಲ್ಲ. ಕುಡಿಯುವಾಗ ಮುಚ್ಚಳವನ್ನು ಪೂರ್ತಿ ತೆಗೆಯಬೇಡಿ, ಓರೆ ಮಾಡಿ ಎಲೆಗಳನ್ನು ತಡೆದು ಸಂದಿಯಿಂದ ಹೀರಿ. ಟಿಂಗ್ ಎಂದು ಲೋಹದ ಚಿಮ್ಮಟ ಮೀಟುತ್ತಾ ಓಡಾಡುವವರು ಕಿವಿ ಸ್ವಚ್ಛ ಮಾಡುವವರು, ಬೇಡವೆಂದರೆ ತಲೆಯಾಡಿಸಿ ಸಾಕು. ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಮಕ್ಕಳ ವಯಸ್ಸು, ಎತ್ತರ, ಓದು, ಸಂಬಳ ಬರೆದು ನೇತುಹಾಕಿ ಅಪ್ಪ ಅಮ್ಮಂದಿರು ಗಂಡು–ಹೆಣ್ಣು ಹುಡುಕುತ್ತಿರುತ್ತಾರೆ. ನಮ್ಮ ಕಣ್ಣಿಗೆ ಅದೇನು ಹೊಸದಲ್ಲ ಅಲ್ವಾ?

ದುಜಿಯಾಂಗ್‌ಯಾನ್ ತಪ್ಪಿಸಬೇಡಿ. ಚೆಂಗ್ಡುವಿನಿಂದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಕ್ರಿ.ಪೂ. 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಗೆ ಅಣೆಕಟ್ಟೆಯನ್ನೇ ಕಟ್ಟದೆ ನೀರಾವರಿ ಮಾಡಿದ ಜಾಗ. ನದಿಯ ಮಧ್ಯೆ ಮೀನಿನ ಬಾಯಿಯಂಥ ದಿಬ್ಬ ನೀರನ್ನು ಎರಡಾಗಿ ಸೀಳುತ್ತದೆ. ಒಳಗಿನ ಕವಲು ಆಳ, ಹೊರಗಿನದು ಅಗಲ. ನದಿಯಲ್ಲಿ ನೀರು ಕಡಿಮೆ ಇದ್ದಾಗ ಜಾಸ್ತಿ ಪಾಲು ಹೊಲಗಳ ಕಡೆಗೆ, ನೆರೆ ಬಂದಾಗ ಜಾಸ್ತಿ ನೀರು ನದಿಗೇ. ಇಂದಿಗೂ ಚೆಂಗ್ಡು ಬಯಲಿಗೆ ನೀರುಣಿಸುತ್ತಿದೆ. ‘ಹೂಳು ಆಳಕ್ಕೆ ತೆಗೆ, ಕಟ್ಟೆ ತಗ್ಗಾಗಿ ಕಟ್ಟು’ ಎಂಬ ನಿಯಮವನ್ನು ಅಲ್ಲೇ ಕೆತ್ತಿದ್ದಾರೆ. ಕೆರೆ ಹೂಳಿನ ಜಗಳ ನೋಡಿ ಬೆಳೆದ ನಮಗೆ ಅದನ್ನು ಓದಿದರೆ ಹೊಟ್ಟೆಕಿಚ್ಚಾಗುತ್ತದೆ.

ಇನ್ನೊಂದು ದಿನ ಸಾನ್‌ಶಿಂಗ್‌ದುಯಿ ಮ್ಯೂಸಿಯಂ. 40 ಕಿ.ಮೀ. ಉತ್ತರಕ್ಕಿದೆ. 1986ರಲ್ಲಿ ಎರಡು ಗುಂಡಿಗಳಿಂದ ಎದ್ದು ಬಂದ 3000 ವರ್ಷ ಹಿಂದಿನ ಕಂಚಿನ ಮುಖಗಳು, ಕಣ್ಣುಗುಡ್ಡೆ ಹೊರಗೆ ಚಾಚಿದ್ದು, 3.96 ಮೀಟರ್ ಎತ್ತರದ ಕಂಚಿನ ಮರ. ಜೊತೆಗೆ ರಾಶಿ ಆನೆದಂತ, ಕವಡೆ. ಕವಡೆಗಳು ಹಿಂದೂ ಮಹಾಸಾಗರದ ಕಡೆಯಿಂದ ಬಂದಿರಬೇಕು ಎನ್ನುತ್ತಾರೆ ಸಂಶೋಧಕರು. ಲೆಶಾನ್‌ನ 71 ಮೀಟರ್ ಬುದ್ಧ ಮೂರನೆಯ ಆಯ್ಕೆ. ಅಲ್ಲಿ ಮೆಟ್ಟಿಲು ಬಹಳ, ಮಂಡಿ ನೋವಿದ್ದರೆ ದೋಣಿಯಿಂದ ನೋಡಿ.

ರೈಲಿಗೆ ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಬುಕಿಂಗ್ 15 ದಿನ ಮುಂಚೆ ತೆರೆಯುತ್ತದೆ. ರೈಲ್ವೆಯದೇ 12306 ಎಂಬ ಆ್ಯಪ್ ಇಂಗ್ಲಿಷ್‌ನಲ್ಲಿದೆ. ಗೇಟ್‌ನಲ್ಲಿ ಯಂತ್ರ ಪಾಸ್‌ಪೋರ್ಟ್ ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ಇರುವ ದಾರಿಗೆ ಹೋಗಿ. ರೈಲು ಹೊರಡುವ ಕೆಲವು ನಿಮಿಷ ಮುಂಚೆಯೇ ಗೇಟ್ ಮುಚ್ಚುತ್ತಾರೆ. ಓಡಿ ಹತ್ತುವ ನಮ್ಮ ಅಭ್ಯಾಸ ನಡೆಯಲ್ಲ.

ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಅಕ್ಟೋಬರ್ ಮೊದಲ ವಾರ, ಮೇ 1ರ ರಜೆ, ಚೀನೀ ಹೊಸವರ್ಷ ಮಾತ್ರ ಬೇಡವೇ ಬೇಡ. ದೇಶವೇ ರಸ್ತೆಗಿಳಿದಿರುತ್ತದೆ. ಆಕಾಶ ಯಾವಾಗಲೂ ಮಂಕು. ಸೂರ್ಯ ಕಂಡರೆ ಅಲ್ಲಿನ ನಾಯಿಗಳು ಬೊಗಳುತ್ತವೆ ಎಂದು ಗಾದೆಯೇ ಇದೆ. ಇಡೀ ಚೀನಾಕ್ಕೆ ಬೀಜಿಂಗ್ ಗಡಿಯಾರವಾದ್ದರಿಂದ ಪಶ್ಚಿಮದ ಈ ಊರಲ್ಲಿ ಚಳಿಗಾಲದಲ್ಲಿ 8 ಗಂಟೆಯ ಹೊತ್ತಿಗೆ ಬೆಳಕು ಹರಿಯುತ್ತದೆ. ವಾಕಿಂಗ್ ಹೊರಡುವವರು ನೆನಪಿಟ್ಟುಕೊಳ್ಳಿ. ಒಳನಾಡಿನ ವಿಮಾನ ಹತ್ತುವುದಾದರೆ ಪವರ್ ಬ್ಯಾಂಕ್ ಮೇಲೆ 3ಸಿ ಎಂಬ ಚೀನಾದ ಸುರಕ್ಷತಾ ಗುರುತು ಇರಬೇಕು, 2025ರ ಜೂನ್‌ನಿಂದ ಈ ನಿಯಮ. ಇಲ್ಲಿಂದ ಒಯ್ದದ್ದರ ಮೇಲೆ ಆ ಗುರುತು ಸಾಮಾನ್ಯವಾಗಿ ಇರಲ್ಲ, ಕಿತ್ತಿಟ್ಟುಕೊಳ್ಳುತ್ತಾರೆ.

ಕೊನೆಗೆ ಲಾಸಾ. ಚೆಂಗ್ಡುವಿನಿಂದ ವಿಮಾನ, ರೈಲು ಎರಡೂ ಇವೆ ನಿಜ. ಆದರೆ ವೀಸಾ ಇದ್ದರೂ ಯಾವ ವಿದೇಶಿಯೂ ಟಿಬೆಟ್‌ಗೆ ತಾನಾಗಿ ಹೋಗುವಂತಿಲ್ಲ. ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಅದನ್ನು ನೋಂದಾಯಿತ ಏಜೆನ್ಸಿಯೇ ತೆಗೆಸಬೇಕು, ಗೈಡ್ ಜೊತೆಗೇ ಇರಬೇಕು. ಪರವಾನಗಿ ಇಲ್ಲದಿದ್ದರೆ ವಿಮಾನ, ರೈಲು ಎರಡಕ್ಕೂ ಹತ್ತಿಸಲ್ಲ. ಲಾಸಾ 3600 ಮೀಟರ್ ಎತ್ತರದಲ್ಲಿದೆ, 500 ಮೀಟರ್‌ನ ಚೆಂಗ್ಡುವಿನಿಂದ ಒಂದೇ ಸಲ ಏರಿದರೆ ಉಸಿರಿಗೆ ತೊಂದರೆ. ಈ ಸಲ ಅದನ್ನು ಸೇರಿಸಬೇಡಿ. ಕೈಲಾಸದ ಆಸೆಯಿದ್ದರೆ ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ದಾರಿ.

ಪೊಲೀಸ್‌ಗೆ 110, ಆಂಬುಲೆನ್ಸ್‌ಗೆ 120. ಸಿಚುವಾನ್ ನಮ್ಮ ಗುವಾಂಗ್‌ಜೌ ಕಾನ್ಸುಲೇಟ್‌ನ ವ್ಯಾಪ್ತಿಗೆ ಬರುತ್ತದೆ. ಅದರ ತುರ್ತು ನಂಬರನ್ನು ಇಬ್ಬರ ಫೋನ್‌ನಲ್ಲೂ ಹಾಕಿಕೊಳ್ಳಿ, ಮಕ್ಕಳಿಗೂ ಕೊಟ್ಟಿರಿ. ವೀಸಾಕ್ಕೆ ಅರ್ಜಿ ಹಾಕುವ ಮುಂಚೆ ಪಾಸ್‌ಪೋರ್ಟ್‌ನಲ್ಲಿ 6 ತಿಂಗಳ ಅವಧಿ, ಎರಡು ಖಾಲಿ ಪುಟ ಇದೆಯೇ ಇವತ್ತೇ ತೆಗೆದು ನೋಡಿ.